ನೀಲಗಿರಿ ಅಂದರೆ ಯಾವ ನೀಲಗಿರಿ?

ನಮ್ಮೂರಲ್ಲಿ ನೀಲಗಿರಿ ಅಂದರೆ ಒಂದೇ ಮರ. ನೆಟ್ಟಗೆ ಬೆಳೆಯುತ್ತದೆ, ನೆರಳು ಕೊಡುವುದಿಲ್ಲ, ಎಲೆ ಉಜ್ಜಿದರೆ ನೆಗಡಿಯ ಔಷಧಿಯ ವಾಸನೆ, ಕಡಿದರೆ ಲಾರಿಗೆ ಹೋಗುತ್ತದೆ. ಅದರಲ್ಲಿ ಬಗೆಬಗೆ ಇರಬಹುದು ಎಂದು ಯಾರೂ ತಲೆ ಕೆಡಿಸಿಕೊಂಡಿದ್ದನ್ನು ನಾನು ನೋಡಿಲ್ಲ. ಮಾವಿನ ವಿಷಯದಲ್ಲಿ ಹಾಗಲ್ಲ. ಕೋಲಾರದ ಕಡೆಯವರಿಗೆ ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಎಲ್ಲ ಬೇರೆ ಬೇರೆ. ನಮ್ಮಜ್ಜಿ ಕಾಯಿ ಇಲ್ಲದ ಕಾಲದಲ್ಲೂ ಗಿಡ ನೋಡಿ ಹೆಸರು ಹೇಳುತ್ತಿದ್ದರು. ತಿನ್ನುವ ಮರಕ್ಕೆ ಹತ್ತು ಹೆಸರು, ಮಾರುವ ಮರಕ್ಕೆ ಒಂದೇ ಹೆಸರು. ಅಷ್ಟೇ ಇರಬೇಕು ಲೆಕ್ಕ.

ನಾನು ಮಾಲೂರು ತಾಲ್ಲೂಕಿನವಳು. ಈಗ ಮಲಾಡ್ ಪೂರ್ವದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. (ಮಾಲೂರಿನಿಂದ ಮಲಾಡಿಗೆ ಬಂದೆ ಎಂದರೆ ಇಲ್ಲಿನ ಕನ್ನಡದವರು ಪ್ರಾಸ ಕೇಳಿ ನಗುತ್ತಾರೆ. ನಗಲಿ.) ನಮ್ಮದು ನಾಲ್ಕು ಮಹಡಿಯ ಹಳೆಯ ಸೊಸೈಟಿ. ಹಿಂದಿನ ಗೋಡೆಗೆ ಒತ್ತಿಕೊಂಡು ಮೂರು ಎತ್ತರದ ಮರಗಳಿವೆ. ವಾಚ್‌ಮನ್ ಉತ್ತರಪ್ರದೇಶದವನು, ಅವನ ಬಾಯಲ್ಲಿ ಅವು ‘ಸಫೇದಾ’. ಎದುರುಮನೆಯ ಮರಾಠಿ ಆಂಟಿಗೆ ‘ನಿಲಗಿರಿ’. ಸ್ಟೇಷನ್ ದಾರಿಯಲ್ಲಿ ಹೋಟೆಲ್ ಇಟ್ಟಿರುವ ಕುಂದಾಪುರದ ಹಿರಿಯರೊಬ್ಬರಿದ್ದಾರೆ, ಅವರನ್ನು ಕೇಳಿದರೆ, “ನಮ್ಮೂರಲ್ಲಿ ಇದಕ್ಕಿಂತ ಅಕೇಶಿಯಾದ್ದೇ ಕಾಟ ಮಾರಾಯ್ರೆ, ನಿಮ್ಮ ನೀಲಗಿರಿ ನಂಗೆಂತ ಗೊತ್ತು” ಅಂದರು. ಸೊಸೈಟಿಯವರು ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಸಲು ಅರ್ಜಿ ಬರೆದಾಗ, ಮರದ ಹೆಸರು ಎಂಬ ಕಡೆ ಮೂರಕ್ಕೂ ನೀಲಗಿರಿ ಎಂದೇ ತುಂಬಿದ್ದರು. ಮುಂಬಯಿಯಲ್ಲಿ ಮರಕ್ಕೆ ಕೊಡಲಿ ಹಾಕಬೇಕಾದರೆ 1975ರ ಕಾನೂನೊಂದರ ಪ್ರಕಾರ ಅನುಮತಿ ಬೇಕು. ಹಾಗಾಗಿ ಹೆಸರು ಬರೆಯುವ ಪ್ರಮೇಯವಾದರೂ ಬರುತ್ತದೆ. ನಮ್ಮೂರಲ್ಲಿ ಅದೂ ಇಲ್ಲ.

ಆ ಮೂರು ಮರಗಳನ್ನು ನಾನು ನಿಜವಾಗಿ ನೋಡಲು ಶುರು ಮಾಡಿದ್ದು 2024ರ ಏಪ್ರಿಲ್‌ನಲ್ಲಿ, ಅಪ್ಪನ ಒಂದು ಫೋನಿನಿಂದ.

ಅಪ್ಪ ನಮ್ಮ ಎರಡು ಎಕರೆ ಖುಷ್ಕಿಗೆ 1984ರಲ್ಲಿ ನೀಲಗಿರಿ ಹಾಕಿದವರು. ಸಾಮಾಜಿಕ ಅರಣ್ಯ ಎಂಬ ಹೆಸರಲ್ಲಿ ಊರೂರಿಗೆ ಸಸಿ ಬರುತ್ತಿದ್ದ ಕಾಲ. ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಬುಡದಿಂದಲೇ ಚಿಗುರಿ ಮತ್ತೆ ಮರವಾಗುತ್ತದೆ, ಗೇಯುವ ಕೆಲಸವಿಲ್ಲ. 2008ರ ಕಟಾವಿನ ದುಡ್ಡಿನಲ್ಲಿ ನನ್ನ ಎಂಜಿನಿಯರಿಂಗಿನ ಮೊದಲ ವರ್ಷದ ಫೀಸು, ಹಾಸ್ಟೆಲು ಎಲ್ಲ ಆಯಿತು. ನಂತರದ್ದು 2016ರಲ್ಲಿ ಆಯಿತು. ಇಷ್ಟು ಸಲ ಕಡಿಸಿಕೊಂಡ ಬೊಡ್ಡೆ ಸೊರಗುತ್ತದೆ, ಈಗಿನ ಮರಗಳು ತೆಳ್ಳಗಿವೆ. ಪಕ್ಕದಲ್ಲೇ ಇದ್ದ ಬೋರ್‌ವೆಲ್ ಬತ್ತಿ ಆರು ವರ್ಷವಾಯಿತು. ತಮ್ಮನಿಗೆ ತೋಪು ತೆಗೆಸಿ ಸೀಬೆಯೋ ಹುಣಸೆಯೋ ಹಾಕಬೇಕು. ಅಪ್ಪನಿಗೆ ಇಷ್ಟವಿಲ್ಲ. ಇಬ್ಬರೂ ಬಾಯಿಬಿಟ್ಟು ಜಗಳವಾಡುವವರಲ್ಲ, ಅದೇ ಕಷ್ಟ. ಇಬ್ಬರೂ ನನಗೆ ಬೇರೆ ಬೇರೆಯಾಗಿ ಫೋನ್ ಮಾಡುತ್ತಾರೆ.

ಅವತ್ತು ಅಪ್ಪನ ದನಿಯಲ್ಲಿ ಹುರುಪಿತ್ತು. “ಏನಮ್ಮಾ, ಎದ್ದಿದ್ದೀಯಾ? ಒಬ್ರು ಬಂದಿದ್ರು. ನಮ್ದು ಎಣ್ಣೆ ನೀಲಗಿರಿ ಅಂತೆ. ಮರ ಕಡಿಯೋದೇ ಬೇಡ್ವಂತೆ, ಎಲೆ ಕೊಯ್ದು ಕಾಯಿಸಿ ಎಣ್ಣೆ ತೆಗೀತಾರಂತೆ.” ಬಂದವನು ಒಂದು ಸಣ್ಣ ಬಾಟಲಿ ಮೂಸಲು ಕೊಟ್ಟಿದ್ದನಂತೆ. ತೋಪಿನ ಹತ್ತಿರ ಭಟ್ಟಿ ಹಾಕುತ್ತಾನೆ, ಲಾಭದಲ್ಲಿ ಪಾಲು ಕೊಡುತ್ತಾನೆ, ಆದರೆ ನೋಂದಣಿಗೆ ಎಂದು ಎಕರೆಗೆ 20,000 ರೂಪಾಯಿ ಮೊದಲೇ ಕಟ್ಟಬೇಕು. ಎರಡು ಎಕರೆಗೆ 40,000. ಮೇ ಹದಿನೈದರೊಳಗೆ.

“ನೀನು ಓದಿದವಳು, ನಿಂದೂ ಪಾಲಿದೆ, ನೀನೇ ಹೇಳಮ್ಮ” ಅಂದರು ಅಪ್ಪ. ಅರ್ಧ ಗಂಟೆಗೆ ತಮ್ಮನ ಫೋನು: “ಅಕ್ಕಾ, ದುಡ್ಡು ಕಟ್ಟಿದ್ರೆ ಇನ್ನು ಹತ್ತು ವರ್ಷ ಆ ಮರ ತೆಗಿಯಕ್ಕೆ ಬಿಡಲ್ಲ ಅಪ್ಪ. ನೀನೇ ಹೇಳು.”

ನನ್ನ ಕೆಲಸ ವಿಮೆಯ ಕಾಗದ ನೋಡುವುದು. ಮರದ ವಿಷಯ ನನಗೆ ಬರುವುದಿಲ್ಲ. ಆದರೆ ಯಾರಾದರೂ ಏನಾದರೂ ಬರೆದುಕೊಟ್ಟರೆ ಅದರ ಜೊತೆ ಲಗತ್ತಿಸಿದ್ದು ಎಲ್ಲಿ ಎಂದು ಕೇಳುವುದು ರಕ್ತದಲ್ಲೇ ಇದೆ. ‘ಎಣ್ಣೆ ನೀಲಗಿರಿ’ ಎಂಬ ಮಾತಿಗೆ ಲಗತ್ತಿಸಿದ್ದು ಏನು? ಎಣ್ಣೆಗೆ ಹೆಸರಾದ ಮರ ಯಾವುದು, ನಮ್ಮ ಹೊಲದಲ್ಲಿರುವುದು ಯಾವುದು? ಇಷ್ಟು ಗೊತ್ತಾದರೆ ಸಾಕು.

ಹುಡುಕಿದಾಗ ಮೊದಲು ತಿಳಿದದ್ದು, ಈ ಕುಲದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ, ಕೆಲವೇ ಕೆಲವನ್ನು ಬಿಟ್ಟರೆ ಎಲ್ಲ ಆಸ್ಟ್ರೇಲಿಯಾದವು ಎಂದು. ಅಲ್ಲಿನವರು ಮಾಡಿದ ‘ಯೂಕ್ಲಿಡ್’ ಎಂಬ ಗುರುತಿನ ಕೀಲಿಯಿದೆ, 900ಕ್ಕೂ ಹೆಚ್ಚು ಬಗೆಗಳಿಗೆ. ಅದು ನೇರವಾಗಿ ಹೆಸರು ಹೇಳುವುದಿಲ್ಲ, ಪ್ರಶ್ನೆ ಕೇಳುತ್ತ ಹೋಗುತ್ತದೆ: ತೊಗಟೆ ಎಲ್ಲಿಯವರೆಗೆ ಒರಟು? ಒಂದು ತೊಟ್ಟಿನಲ್ಲಿ ಮೊಗ್ಗು ಎಷ್ಟು? ಕಾಯಿಯ ಹಲ್ಲು ಅಂಚಿನ ಮೇಲೋ ಒಳಗೋ? ನಾವು ಮರ ನೋಡಿದ ಕೂಡಲೇ ಎಲೆ ಕೀಳುತ್ತೇವೆ. ಇಲ್ಲಿ ಎಲೆ ಹೆಚ್ಚಿಗೆ ಏನೂ ಹೇಳುವುದಿಲ್ಲ. ಬೆಳೆದ ನೀಲಗಿರಿಗಳ ಎಲೆ ಬಹಳಷ್ಟು ಒಂದೇ ಥರ, ಕುಡುಗೋಲಿನ ಹಾಗೆ ಬಾಗಿ ಜೋಲುತ್ತಿರುತ್ತದೆ. ಹೇಳುವುದು ತೊಗಟೆ, ಮೊಗ್ಗು, ಕಾಯಿ.

ಸರಿ, ಊರಿನ ಮರ ನೋಡಲು ಆಗದು, ಹಿಂದಿನ ಗೋಡೆಯ ಮರ ಇದೆಯಲ್ಲ ಎಂದು ಭಾನುವಾರ ಬೆಳಿಗ್ಗೆ ಹೋದೆ. ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಒಡೆದ ಕಮೋಡು, ಗಣಪತಿ ಪೆಂಡಾಲಿನ ಬಿದಿರು ಎಲ್ಲ ಇವೆ. ಒಂಬತ್ತು ವರ್ಷದಲ್ಲಿ ನಾನು ಆ ಮೂಲೆಗೆ ಎರಡು ಸಲ ಹೋಗಿದ್ದೆನೋ ಏನೋ.

ದೂರದಿಂದ ಮೂರೂ ಒಂದೇ. ಮೂರಕ್ಕೂ ಬಿಳಿ ನುಣುಪು ಕಾಂಡ, ಮೂರೂ ಸಿಪ್ಪೆ ಬಿಡುತ್ತವೆ. ಹತ್ತಿರ ಹೋದರೆ ಮೊದಲನೆಯದು ನೀಲಗಿರಿಯೇ ಅಲ್ಲ! ಕಾಲಡಿಯಲ್ಲಿ ಒಣಗಿದ ಕಾಯಿ ಬಿದ್ದಿದ್ದವು, ಹೆಬ್ಬೆರಳಿನಷ್ಟು ಉದ್ದ, ಸುತ್ತ ಐದು ರೆಕ್ಕೆ, ಚಿಕ್ಕದೊಂದು ಕಮರಾಕ್ಷಿ ಹಣ್ಣಿನ ಆಕಾರ. ಅದು ಅರ್ಜುನ ಮರ, ನಮ್ಮಲ್ಲಿ ಹೊಳೆಮತ್ತಿ ಎನ್ನುವುದು. ಕಾವೇರಿ ದಡದಲ್ಲಿ ನೀರಿಗೆ ಬೇರು ಇಳಿಬಿಟ್ಟು ನಿಂತಿರುತ್ತದಲ್ಲ, ಅದೇ. ತೊಗಟೆ ಮಾತ್ರ ನೋಡುವವರಿಗೆ ಅರ್ಜುನವೂ ನೀಲಗಿರಿಯೂ ಸದಾ ಗೊಂದಲ. ಎರಡೂ ಬೂದುಬಿಳಿ, ಎರಡೂ ಹಾಳೆಹಾಳೆಯಾಗಿ ಕಳಚುತ್ತವೆ. ಎಲೆ ಮೂಸಿದರೆ ಅರ್ಜುನಕ್ಕೆ ನೀಲಗಿರಿಯ ವಾಸನೆ ಇಲ್ಲ. ಎಲೆಯನ್ನು ಬಿಸಿಲಿಗೆ ಹಿಡಿದರೆ ನೀಲಗಿರಿಯಲ್ಲಿ ಸೂಜಿ ಚುಚ್ಚಿದ ಹಾಗೆ ಎಣ್ಣೆಯ ಚುಕ್ಕಿಗಳು ಕಾಣುತ್ತವೆ, ಅರ್ಜುನದಲ್ಲಿ ಕಾಣವು. ಸೊಸೈಟಿಯ ಕಾರ್ಯದರ್ಶಿಗೆ ಹೇಳಿದೆ. “ಅರ್ಜುನ ಆದ್ರೂ ಕೊಂಬೆ ಕಾರಿನ ಮೇಲೇ ಬೀಳುತ್ತಲ್ಲ ಮೇಡಂ” ಅಂದರು. ಅದೂ ನಿಜ.

ಉಳಿದ ಎರಡರ ತೊಗಟೆ ನೋಡುತ್ತ ನಿಂತೆ. ಎಲ್ಲ ನೀಲಗಿರಿಗಳೂ ಸಿಪ್ಪೆ ಬಿಡುವುದಿಲ್ಲ ಎಂಬುದೇ ನನಗೆ ಹೊಸದು. ಕೆಲವು ಹಳೆಯ ತೊಗಟೆಯನ್ನು ಹಾಗೇ ಮೈಮೇಲೆ ಉಳಿಸಿಕೊಳ್ಳುತ್ತವೆ, ಅದು ವರ್ಷ ವರ್ಷ ಪೇರಿ ನಾರುನಾರಾಗುತ್ತದೆ, ಇಲ್ಲವೇ ಕಬ್ಬಿಣದಂತೆ ಗಟ್ಟಿಯಾಗಿ ಆಳವಾಗಿ ಸೀಳುತ್ತದೆ. ಆಸ್ಟ್ರೇಲಿಯಾದವರು ಮರಗಳಿಗೆ ಹೆಸರಿಟ್ಟಿರುವುದೇ ಹೀಗೆ, ನಾರುತೊಗಟೆ, ಕಬ್ಬಿಣತೊಗಟೆ ಎಂದು. ವರ್ಷಕ್ಕೊಮ್ಮೆ ಕಳಚಿಕೊಂಡು ನುಣ್ಣಗಾಗುವವಕ್ಕೆ ಅವರಲ್ಲಿ ‘ಗಮ್’ ಎಂದು ಹೆಸರು. ನಮ್ಮ ದೇಶದಲ್ಲಿ ನೆಟ್ಟವು ಹೆಚ್ಚಾಗಿ ಈ ಕಳಚುವ ಗುಂಪಿನವು.

ಕಳಚುವುದರಲ್ಲೂ ಎರಡು ಮರಕ್ಕೆ ಎರಡು ರೀತಿ. ಗೋಡೆಯ ಮೂಲೆಯಲ್ಲಿದ್ದ ಮರದ ಮೈ ಒಂದೇ ಬಣ್ಣ, ಕೆನೆಬಿಳುಪು, ಕೆಲವೆಡೆ ನಸುಗುಲಾಬಿ. ಅಂಗೈ ಇಟ್ಟರೆ ಪೌಡರ್ ಹತ್ತುತ್ತದೆ. ಕಳಚಿದ ಸಿಪ್ಪೆ ತೆಳುವಾದ ಸಣ್ಣ ಸಣ್ಣ ಚೂರು. ಬಿದ್ದ ಎಲೆ ಹಿಸುಕಿದರೆ ನೆಗಡಿ ಔಷಧಿಯಲ್ಲ, ನಿಂಬೆಯ ವಾಸನೆ. ಇದು ನಿಂಬೆ ನೀಲಗಿರಿ, ಸಿಟ್ರಿಯೊಡೊರಾ. 1995ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನೂ ಇದರ ನೂರಕ್ಕೂ ಹೆಚ್ಚು ನೆಂಟರನ್ನೂ ಯೂಕಲಿಪ್ಟಸ್ ಮನೆಯಿಂದ ಬೇರೆ ಹಾಕಿ ಕೊರಿಂಬಿಯಾ ಎಂಬ ಹೊಸ ಕುಲ ಮಾಡಿದರು. ಪಾಲು ಆದರೂ ಜನ ಹಳೆಯ ಮನೆತನದ ಹೆಸರಲ್ಲೇ ಕರೆಯುತ್ತಾರೆ.

ಪಕ್ಕದ ಮರ ಮಚ್ಚೆಮಚ್ಚೆ. ಒಂದು ಕಡೆ ಬಿಳಿ, ಒಂದು ಕಡೆ ಬೂದು, ಈಗಷ್ಟೇ ಕಳಚಿದ ಕಡೆ ನೀಲಿಛಾಯೆ. ಸಿಪ್ಪೆ ಮೊಳದುದ್ದದ ಹಾಳೆಯಾಗಿ ನೇತಾಡುತ್ತಿತ್ತು. ಬುಡದಲ್ಲಿ ಒಂದು ಮಾರು ಎತ್ತರಕ್ಕೆ ಮಾತ್ರ ಹಳೆಯ ಒರಟು ತೊಗಟೆ ಉಳಿದಿತ್ತು. ಇದನ್ನು ನೋಡಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಏನೋ ಕಲಕಿತು. ನಮ್ಮ ತೋಪಿನದ್ದು ಇದೇ ಮೈ. ಚಿಕ್ಕವಳಿದ್ದಾಗ ಆ ಹಾಳೆಗಳನ್ನು ಆಯ್ದು ತಂದು ನೀರೊಲೆಗೆ ಹಾಕುವುದು ನನ್ನ ಕೆಲಸವಾಗಿತ್ತು. ಬೇಗ ಹತ್ತಿಕೊಂಡು ಬೇಗ ಉರಿದು ಹೋಗುತ್ತಿತ್ತು, ಅಮ್ಮ ಅದಕ್ಕೇ ಬೈಯುತ್ತಿದ್ದಳು.

ಆದರೆ ತೊಗಟೆ ಒಂದರಿಂದ ತೀರ್ಪು ಕೊಡಬಾರದು. ಮರದ ವಯಸ್ಸು, ಋತು, ನೆಲ ನೋಡಿ ತೊಗಟೆಯ ಬಣ್ಣ ಬದಲಾಗುತ್ತದೆ. ಮೊಗ್ಗು ಬೇಕು. ಐವತ್ತು ಅಡಿ ಮೇಲಿರುವ ಮೊಗ್ಗನ್ನು ತರುವುದು ಹೇಗೆ? ಮುಂಬಯಿಯಲ್ಲಿ ಅದು ಕಷ್ಟವಲ್ಲ, ಗಾಳಿಯೇ ತಂದುಕೊಡುತ್ತದೆ. ಒಂದು ಸಂಜೆ ಗಾಳಿ ಬೀಸಿದ ಮೇಲೆ ಸ್ಕೂಟರ್‌ಗಳ ಮೇಲೆ ಕಡ್ಡಿಗಳು ಬಿದ್ದಿದ್ದವು. ವಾಚ್‌ಮನ್ ಗುಡಿಸುವ ಮೊದಲು ಆರಿಸಿಕೊಂಡೆ. ಅವನು ಏನೂ ಕೇಳಲಿಲ್ಲ. ಹೆಂಗಸರು ಪೂಜೆಗೆ ಏನನ್ನಾದರೂ ಆರಿಸುತ್ತಾರೆ ಎಂದುಕೊಂಡಿರಬೇಕು.

ಮೊಗ್ಗು ಎಂದರೆ ಟೊಪ್ಪಿ. ಯೂಕಲಿಪ್ಟಸ್ ಎಂಬ ಹೆಸರಿನ ಅರ್ಥವೇ ಗ್ರೀಕಿನಲ್ಲಿ ‘ಚೆನ್ನಾಗಿ ಮುಚ್ಚಿದ್ದು’ ಎಂದು. ಕ್ಯಾಪ್ಟನ್ ಕುಕ್‌ನ ಮೂರನೇ ಯಾನದಲ್ಲಿ, 1777ರಲ್ಲಿ, ಟಾಸ್ಮೇನಿಯಾದ ಪಕ್ಕದ ಬ್ರೂನಿ ದ್ವೀಪದಲ್ಲಿ ಕಿತ್ತು ಲಂಡನ್ನಿಗೆ ತಂದ ಕೊಂಬೆ ನೋಡಿ ಫ್ರಾನ್ಸಿನ ಲೆರಿಟಿಯೆ ಎಂಬ ಸಸ್ಯಶಾಸ್ತ್ರಜ್ಞ 1788ರಲ್ಲಿ ಇಟ್ಟ ಹೆಸರು. ಈ ಹೂವಿಗೆ ಬಿಡಿಬಿಡಿ ದಳಗಳಿಲ್ಲ. ಅವೆಲ್ಲ ಬೆಸೆದು ಒಂದು ಮುಚ್ಚಳವಾಗಿರುತ್ತದೆ. ಹೂ ಅರಳುವುದೆಂದರೆ ಆ ಮುಚ್ಚಳ ಸುತ್ತಲೂ ಬಿರಿದು ಪಟಕ್ಕನೆ ಉದುರುವುದು, ಒಳಗೆ ಮಡಿಸಿಟ್ಟಿದ್ದ ನೂರಾರು ಬಿಳಿ ಕೇಸರಗಳು ಕುಂಚದಂತೆ ಬಿಚ್ಚಿಕೊಳ್ಳುವುದು. ನಂಬಿಕೆ ಬಾರದಿದ್ದರೆ ಅಡುಗೆಮನೆಗೆ ಹೋಗಿ ಒಂದು ಲವಂಗ ನೋಡಿ. ತಲೆಯ ಮೇಲಿನ ಉಂಡೆ ಇದೆಯಲ್ಲ, ಅದು ಅರಳದ ದಳಗಳು. ಲವಂಗ, ನೇರಳೆ, ಸೀಬೆ, ನೀಲಗಿರಿ ಎಲ್ಲ ಒಂದೇ ಕುಟುಂಬ. ನೇರಳೆಯ ಹೂವೂ ಹೀಗೇ ಟೊಪ್ಪಿ ಉದುರಿಸಿಯೇ ಅರಳುತ್ತದೆ. ಸೀಬೆ ಮರದ ಮೈಯೂ ಸಿಪ್ಪೆ ಬಿಟ್ಟು ನುಣ್ಣಗಿರುವುದು ಸುಮ್ಮನೆ ಅಲ್ಲ. ತಮ್ಮ ನೀಲಗಿರಿ ಕಿತ್ತು ಸೀಬೆ ಹಾಕುತ್ತೇನೆ ಅನ್ನುತ್ತಿದ್ದದ್ದು ದಾಯಾದಿಯನ್ನು ಓಡಿಸಿ ಇನ್ನೊಬ್ಬ ದಾಯಾದಿಯನ್ನು ಕರೆತಂದ ಹಾಗೆ. ಅವನಿಗೆ ಇದನ್ನು ಹೇಳಿದಾಗ ನಗಲಿಲ್ಲ.

ಈ ಟೊಪ್ಪಿಯ ಆಕಾರವೇ ಮುಖ್ಯ ಸಾಕ್ಷಿ. ನಿಂಬೆ ನೀಲಗಿರಿಯ ಟೊಪ್ಪಿ ಮೋಟು, ಮೊಗ್ಗುಗಳು ಕವಲೊಡೆದ ಗೊಂಚಲಲ್ಲಿ ಮೂರು ಮೂರಾಗಿ ಇರುತ್ತವೆ. ಮಚ್ಚೆಯ ಮರದ್ದು ಬೇರೆ. ಒಂದೇ ತೊಟ್ಟಿನ ತುದಿಯಿಂದ ಏಳೆಂಟು ಮೊಗ್ಗು ಕೊಡೆಯ ಕಡ್ಡಿಯ ಹಾಗೆ ಹೊರಟಿರುತ್ತವೆ, ಪ್ರತಿಯೊಂದಕ್ಕೂ ಉದ್ದನೆಯ ಚೂಪು ಟೊಪ್ಪಿ, ಕೆಳಗಿನ ಬಟ್ಟಲಿಗಿಂತ ಎರಡು ಮೂರು ಪಟ್ಟು ಉದ್ದ. ಎಳೆಗರುವಿನ ಕೊಂಬಿನಂತೆ. ಇದರ ಹೆಸರು ಟೆರೆಟಿಕಾರ್ನಿಸ್, ‘ದುಂಡುಕೊಂಬಿನದು’ ಎಂದೇ ಅರ್ಥ. ಇದರ ಹತ್ತಿರದ ನೆಂಟ ಕಮಾಲ್ಡುಲೆನ್ಸಿಸ್. ಅದಕ್ಕೆ ಆ ಹೆಸರು ಬಂದದ್ದು ಇಟಲಿಯ ನೇಪಲ್ಸ್ ಹತ್ತಿರದ ಒಂದು ಮಠದ ತೋಟದಿಂದ, ಅಲ್ಲಿ ಬೆಳೆಸಿದ್ದ ಮರವನ್ನು ನೋಡಿ ವಿವರಿಸಿದ್ದರಿಂದ. ಅದರ ಟೊಪ್ಪಿ ಗಿಡ್ಡ, ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಮೊನೆ. ಅದರಲ್ಲೂ ಕೆಲವಕ್ಕೆ ಮೊನೆಯೇ ಇರುವುದಿಲ್ಲ.

ತಮ್ಮನಿಗೆ ವಾಟ್ಸಾಪ್‌ನಲ್ಲಿ ಬರೆದೆ: ತೊಗಟೆ ಬುಡದ್ದೊಂದು ನಡುವಿನದ್ದೊಂದು ಫೋಟೋ, ಮೊಗ್ಗಿನ ಗೊಂಚಲು, ಮರದ ಮೇಲಿನ ಕಾಯಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡು. ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಹನ್ನೊಂದು ಫೋಟೋ ಬಂದವು. ಎಂಟರಲ್ಲಿ ಅವನ ಹೆಬ್ಬೆರಳೇ ಇತ್ತು. ಉಳಿದ ಮೂರು ಸಾಕಾದವು.

ಕಾಯಿಯ ಮಾತು ಹೇಳಬೇಕು, ಏಕೆಂದರೆ ಫೈಸಲಾದದ್ದು ಅಲ್ಲೇ. ಎಣ್ಣೆಗೆ ಲೋಕದಲ್ಲೆಲ್ಲ ಹೆಸರಾದದ್ದು ಗ್ಲೋಬುಲಸ್, ಊಟಿಯ ನೀಲಗಿರಿ. 1843ರಲ್ಲಿ ನೀಲಗಿರಿ ಬೆಟ್ಟಕ್ಕೆ ತಂದು ನೆಟ್ಟಿದ್ದು, ನಮ್ಮ ಭಾಷೆಗಳಲ್ಲಿ ಇಡೀ ಕುಲಕ್ಕೆ ಆ ಬೆಟ್ಟದ ಹೆಸರು ಹತ್ತಿದ್ದು ಇದರಿಂದಲೇ. ಊಟಿಗೆ ಹೋದವರು ರಸ್ತೆ ಬದಿಯಲ್ಲಿ ಬಾಟಲಿ ಕೊಂಡಿರುತ್ತೀರಿ. ಅದರ ಮೊಗ್ಗು ಗೊಂಚಲಲ್ಲ, ಒಂಟಿ. ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಮೈಯೆಲ್ಲ ಗಂಟುಗಂಟು, ಮೇಲೆ ಬಿಳಿಯ ಮೇಣ ಬಳಿದಂತೆ. ಕಾಯಿ ದೊಡ್ಡದು, ಕೋಟಿನ ಗುಂಡಿಯಷ್ಟು ಅಗಲ, ನಾಲ್ಕು ಏಣು. ಅದರ ಎಳೆಗಿಡದ ಎಲೆಗಳು ನೀಲಿಬೂದು, ಎದುರುಬದುರಾಗಿ ಕಾಂಡವನ್ನೇ ತಬ್ಬಿಕೊಂಡಿರುತ್ತವೆ. ಅದು ಚಳಿಯ ಬೆಟ್ಟದ ಮರ, ಮಾಲೂರಿನ ಬಿಸಿಲಿಗೆ ಒಗ್ಗುವುದಿಲ್ಲ. ಎಣ್ಣೆಗೆ ಬೆಳೆಸುವ ಇನ್ನೊಂದು ನಿಂಬೆ ನೀಲಗಿರಿ. ಅದರ ಕಾಯಿ ಕತ್ತು ಕಿರಿದಾದ ಪುಟ್ಟ ಚೊಂಬು, ಹಲ್ಲು ಒಳಗೆ ಆಳದಲ್ಲಿ, ಹೊರಗಿನಿಂದ ಕಾಣವು.

ತಮ್ಮನ ಫೋಟೋದಲ್ಲಿ ಒಂದು ರೂಪಾಯಿ ನಾಣ್ಯದ ಮೇಲೆ ನಾಲ್ಕು ಕಾಯಿ ಆರಾಮಾಗಿ ಕೂತಿದ್ದವು. ಕಾಳುಮೆಣಸಿಗಿಂತ ಸ್ವಲ್ಪ ದಪ್ಪ, ಅರ್ಧಗೋಲದಂತೆ, ಅಂಚು ಉಬ್ಬಿ ಅದರ ಮೇಲೆ ನಾಲ್ಕು ಹಲ್ಲು ಹೊರಚಾಚಿದ್ದವು. ತಲೆಕೆಳಗೆ ಮಾಡಿದರೆ ಬುಗುರಿ. ನಾವು ತಿರುಗಿಸುತ್ತಿದ್ದೆವು, ಶಾಲೆಯ ಜಗಲಿಯ ಮೇಲೆ, ಯಾರದ್ದು ಹೆಚ್ಚು ಹೊತ್ತು ಎಂದು. ಮೊಗ್ಗಿನ ಫೋಟೋದಲ್ಲಿ ಒಂದೇ ತೊಟ್ಟಿಗೆ ಏಳು, ಟೊಪ್ಪಿ ಉದ್ದ. ಆದರೆ ಎಲ್ಲ ಒಂದೇ ಸಮ ಉದ್ದವಿಲ್ಲ. ಒಂದು ಮರದ್ದು ಕೊಂಬು, ಪಕ್ಕದ ಮರದ್ದು ಸ್ವಲ್ಪ ಮೋಟು. ಅದಕ್ಕೂ ಕಾರಣವಿದೆ. ನಮ್ಮ ನೆಲದಲ್ಲಿ ಹರಡಿದ ಈ ಮರಕ್ಕೆ ಅರಣ್ಯದವರು ಇಟ್ಟ ಹೆಸರು ‘ಮೈಸೂರು ಗಮ್’, ‘ಮೈಸೂರು ಹೈಬ್ರಿಡ್’. ನಂದಿಬೆಟ್ಟದಲ್ಲಿ ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ತರಿಸಿ ನೆಡಿಸಿದ ಎನ್ನುತ್ತಾರಲ್ಲ, ಆ ಹಲವು ಜಾತಿಯ ಮರಗಳು ಒಂದರ ಪರಾಗ ಒಂದಕ್ಕೆ ತಾಗಿ ಬೆರೆತವು. ಅವುಗಳ ಬೀಜದಿಂದ ಬಂದ ಸಂತಾನ ಇದು, ಹೆಚ್ಚಿನ ಪಾಲು ಟೆರೆಟಿಕಾರ್ನಿಸ್. ಹಾಗಾಗಿ ನಮ್ಮ ತೋಪಿನ ಒಂದೊಂದು ಮರಕ್ಕೂ ಇಂಥದೇ ಜಾತಿ ಎಂದು ಮುದ್ರೆ ಒತ್ತಲು ನನ್ನಿಂದಾಗದು. ಅದರ ಅಗತ್ಯವೂ ಇರಲಿಲ್ಲ. ಇದು ಊಟಿಯದಲ್ಲ, ನಿಂಬೆಯದಲ್ಲ. ಇದರ ಎಲೆಯಲ್ಲೂ ಎಣ್ಣೆ ಇದೆ, ಆದರೆ ಕಡಿಮೆ. ಭಟ್ಟಿ ಹಾಕಿ ಮಾರುವಷ್ಟಕ್ಕೆ ಹೆಸರಾದ ಮರ ಇದಲ್ಲ. ಕಾಗದ ಮತ್ತು ರೇಯಾನಿನ ಕಾರ್ಖಾನೆಗೆ ತಿರುಳು, ಕಟ್ಟಡದವರಿಗೆ ಗಳು, ಒಲೆಗೆ ಸೌದೆ, ಇದು ಅದಕ್ಕಾಗಿಯೇ ನೆಟ್ಟದ್ದು.

ಇದನ್ನು ಅಪ್ಪನಿಗೆ ಹೇಳಬೇಕಿತ್ತು. ನನಗೆ ಎರಡು ದಿನ ಹಿಡಿಯಿತು. 40,000 ಉಳಿಯಿತಲ್ಲ ಎಂದು ಸಂತೋಷಪಡಲು ಆಗಲಿಲ್ಲ. ಆ ಮರಗಳನ್ನು ಉಳಿಸಿಕೊಳ್ಳಲು ಅಪ್ಪನಿಗೆ ಸಿಕ್ಕಿದ್ದ ಒಂದೇ ಕಾರಣವನ್ನು ನಾನು ಮಲಾಡಿನಲ್ಲಿ ಕೂತು ಕಿತ್ತುಕೊಳ್ಳುತ್ತಿದ್ದೆ.

ಈ ಮರದ ಬಗ್ಗೆ ನಮ್ಮ ರಾಜ್ಯದಲ್ಲಿ ನಲವತ್ತು ವರ್ಷದಿಂದ ಜಗಳ ನಡೆದಿದೆ. ಅಪ್ಪ ಸಸಿ ನೆಡುವ ಹಿಂದಿನ ವರ್ಷವೇ, 1983ರಲ್ಲಿ, ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದ್ದರು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಆಯಿತು. ಊರಿನ ಗೋಮಾಳವನ್ನು ಕಾರ್ಖಾನೆಯ ನೀಲಗಿರಿಗೆ ಕೊಟ್ಟಿದ್ದರ ವಿರುದ್ಧ. ಆ ಜಗಳ ನ್ಯಾಯವಾದದ್ದು, ನನಗೆ ಅನುಮಾನವಿಲ್ಲ. ಊರ ದನ ಮೇಯುವ ನೆಲವನ್ನು ಕಂಪನಿಗೆ ಕೊಡುವುದಕ್ಕೂ ಎರಡು ಎಕರೆಯ ರೈತ ಕೂಲಿಯಾಳು ಸಿಗದೆ, ಮಳೆ ನಂಬಲಾಗದೆ ಸ್ವಂತ ಹೊಲಕ್ಕೆ ನೆಡುವುದಕ್ಕೂ ವ್ಯತ್ಯಾಸವಿದೆ. ಆದರೆ ಬೇರಿಗೆ ಆ ವ್ಯತ್ಯಾಸ ಗೊತ್ತಿಲ್ಲ. ನಮ್ಮ ಪಕ್ಕದ ಹೊಸಕೋಟೆಯಲ್ಲೇ ಜಲವಿಜ್ಞಾನಿಗಳು ಅಳೆದು ನೋಡಿದ್ದು 1993ರಲ್ಲಿ ಪ್ರಕಟವಾಯಿತು: ಮಳೆ ಕಡಿಮೆಯಾದ ಮೂರು ವರ್ಷಗಳಲ್ಲಿ ಸುರಿದದ್ದು ಒಟ್ಟು 2100 ಮಿಲಿಮೀಟರ್, ನೀಲಗಿರಿ ತೋಪು ಬಳಸಿದ್ದು 3400. ಮಿಕ್ಕಿದ್ದು ಎಲ್ಲಿಂದ ಬಂತು? ಆಳದ ಮಣ್ಣಿನಲ್ಲಿ ಮೊದಲಿಂದ ಕೂಡಿಟ್ಟಿದ್ದ ತೇವದಿಂದ. ಮಣ್ಣು ಆಳವಿಲ್ಲದ ಕಡೆ ಅದೇ ಅಳತೆಗಾರರಿಗೆ ಸಿಕ್ಕ ಲೆಕ್ಕ ಬೇರೆ. ಅಲ್ಲಿ ನಾಡಿನ ಕಾಡು ಕುಡಿಯುವಷ್ಟೇ ಇದೂ ಕುಡಿದಿತ್ತು. ನಮ್ಮದು ಆಳವಾದ ಕೆಂಪು ಮಣ್ಣು. 2017ರಲ್ಲಿ ಸರ್ಕಾರ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂದರೆ ಅಪ್ಪ ಈಗ ತೆಗೆಸಿದರೆ ಮತ್ತೆ ಹಾಕುವಂತಿಲ್ಲ. ಅವರ ಹಟದ ಒಳಗೆ ಆ ಭಯವೂ ಇತ್ತು ಎಂದು ನನಗೆ ಆಮೇಲೆ ಹೊಳೆಯಿತು.

ಇಲ್ಲಿ ಒಂದು ಮಾತು. ಆಸ್ಟ್ರೇಲಿಯಾದಿಂದ ಬಂದ ಮರ, ಮಾಲೂರಿನಿಂದ ಬಂದ ನಾನು, ಇಬ್ಬರೂ ವಲಸೆಗಾರರು ಎಂದು ಬರೆಯಲು ಕೈ ತುರಿಸುತ್ತದೆ. ನಮ್ಮಂಥವರ ಪತ್ರಿಕೆಯಲ್ಲಿ ಗುಬ್ಬಿಯಿಂದ ಹಿಡಿದು ಗುಲ್‌ಮೊಹರ್‌ವರೆಗೆ ಎಲ್ಲವನ್ನೂ ಹಾಗೆ ಬರೆದಾಗಿದೆ. ಬೇಡ. ನಾನು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ತೆಗೆದು ಬಂದವಳು. ಮರವನ್ನು ಯಾರೋ ನೆಟ್ಟರು.

ಫೋನಿನಲ್ಲಿ ಎಲ್ಲ ಹೇಳಿದೆ, ಊಟಿಯ ಒಂಟಿ ಮೊಗ್ಗು, ಚೊಂಬಿನ ಕಾಯಿ, ನಮ್ಮದರ ಬುಗುರಿ. ಅಪ್ಪ ಕೇಳಿಸಿಕೊಂಡರು. ಬೇರೆಯವರ ಮಾತಾಗಿದ್ದರೆ ನಡುವೆ ತಡೆಯುತ್ತಿದ್ದರು.

“ಅವ್ನು ಬಾಟ್ಲಿ ಮೂಸಕ್ಕೆ ಕೊಟ್ಟಾಗ್ಲೇ ನಂಗೆ ಅನ್ನಿಸ್ತು ಕಣಮ್ಮ. ನಮ್ಮ ಎಲೆ ಅಷ್ಟು ಘಾಟಿಲ್ಲ.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನಮ್ದು ಯಾವ್ದು?”

“ನಂದಿಬೆಟ್ಟದ್ದು ಅಪ್ಪ. ಮೈಸೂರು ನೀಲಗಿರಿ ಅಂತಾರೆ. ಎರಡು ಮೂರು ಜಾತಿ ಬೆರೆತದ್ದು.”

“ನಂದೀದಾ?” ಎಂದರು. “ನಲವತ್ತು ವರ್ಷದಿಂದ ಊಟಿದು ಅಂದ್ಕೊಂಡಿದ್ದೆ.”

ಆ ಎಣ್ಣೆಯವನು ಮತ್ತೆ ಬಂದಾಗ ಅಪ್ಪ ಅವನನ್ನು ತೋಪಿಗೆ ಕರೆದುಕೊಂಡು ಹೋಗಿ ಒಂದು ಕಾಯಿ ಕೈಗೆ ಕೊಟ್ಟು, ಊಟಿದಾದ್ರೆ ಇಷ್ಟು ದಪ್ಪ ಇರಬೇಕಿತ್ತಲ್ಲ ಎಂದು ಬೆರಳಲ್ಲಿ ತೋರಿಸಿದರಂತೆ. ಅವನು ಬೈಕ್ ಹತ್ತಿ ಹೋದನಂತೆ. ಇದು ತಮ್ಮ ಹೇಳಿದ್ದು; ಅವನು ಸ್ವಲ್ಪ ಮಸಾಲೆ ಹಾಕುತ್ತಾನೆ. ಪಕ್ಕದೂರಿನಲ್ಲಿ ಇಬ್ಬರು ದುಡ್ಡು ಕಟ್ಟಿದ್ದಾರೆ ಎಂಬುದು ಮಾತ್ರ ನಿಜ. ಅವರ ಹೊಲದ ಭಟ್ಟಿ ಇನ್ನೂ ಬಂದಿಲ್ಲ.

ತೋಪಿನ ವಿಷಯ ಅರ್ಧ ಇತ್ಯರ್ಥವಾಗಿದೆ. ಬೋರ್‌ವೆಲ್ ಕಡೆಯ ಒಂದು ಎಕರೆ ತೆಗೆಸುವುದು, ಅದಕ್ಕೆ ಅರ್ಧ ಖರ್ಚು ನನ್ನದು. ಮರ ಕಡಿದರೆ ಮುಗಿಯುವುದಿಲ್ಲ, ಬೊಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ. ಜೆಸಿಬಿ ತರಿಸಿ ಒಂದೊಂದನ್ನೂ ಬೇರುಸಮೇತ ಕೀಳಬೇಕು. ಕಿತ್ತ ಬೊಡ್ಡೆಯನ್ನು ಮಾಲೂರಿನ ಇಟ್ಟಿಗೆ ಗೂಡಿನವರು ಸೌದೆಗೆ ಒಯ್ಯುತ್ತಾರೆ, ಬಾಡಿಗೆಯ ಒಂದಂಶ ಅದರಲ್ಲಿ ಬರಬಹುದು. ಇನ್ನೊಂದು ಎಕರೆಯ ಮಾತನ್ನು ಅಪ್ಪ ಎತ್ತಲು ಬಿಡುವುದಿಲ್ಲ. ತಮ್ಮನೂ ಸದ್ಯಕ್ಕೆ ಎತ್ತುವುದಿಲ್ಲ.

ಮಲಾಡಿನಲ್ಲಿ ಕೊಂಬೆ ಕಡಿಯುವವರು ಜೂನ್ ಮೊದಲ ವಾರ ಬಂದರು. ಅರ್ಜುನವನ್ನೂ ಸೇರಿಸಿ ಮೂರನ್ನೂ ಸವರಿದರು. ಬಿದ್ದ ಕೊಂಬೆಯಿಂದ ಮಚ್ಚೆಮರದ ಕಾಯಿ ಒಂದು ಹಿಡಿ ಕಿತ್ತು ತಂದು, ಬಿಳಿ ಹಾಳೆಯ ಮೇಲೆ ಹರಡಿ ಕಿಟಕಿಯ ಹತ್ತಿರ ಇಟ್ಟೆ. ಎರಡು ದಿನಕ್ಕೆ ಹಲ್ಲುಗಳು ಬಾಯಿ ಬಿಟ್ಟವು. ಕುಟ್ಟಿದರೆ ಉದುರುವುದು ಬಹುಪಾಲು ಹೊಟ್ಟು, ಕಂದು ಪುಡಿ. ಅದರ ನಡುವೆ ಸಾಸಿವೆಗಿಂತಲೂ ಸಣ್ಣ ಬೀಜ ಅಲ್ಲೊಂದು ಇಲ್ಲೊಂದು. ಬೀಜ ಕಪ್ಪಗಿದ್ದರೆ ಟೆರೆಟಿಕಾರ್ನಿಸ್, ಹಳದಿಗೆ ತಿರುಗಿದ್ದರೆ ಕಮಾಲ್ಡುಲೆನ್ಸಿಸ್ ಎನ್ನುತ್ತಾರೆ. ನನ್ನ ಹಾಳೆಯ ಮೇಲೆ ಬಿದ್ದವು ಕಪ್ಪು. ಅಪ್ಪನಿಗೂ ಹೀಗೆ ಮಾಡಿ ನೋಡಿ ಎಂದಿದ್ದೆ. ಹೋದ ವಾರ ಫೋನ್ ಮಾಡಿದ್ದರು: ಬದುವಿನ ಕಡೆಯ ನಾಲ್ಕು ಮರದ್ದು ಕಪ್ಪು, ಬೋರ್‌ವೆಲ್ ಕಡೆಯ ಒಂದು ಮರದ್ದು ಮಾತ್ರ ಬೆಲ್ಲದ ಬಣ್ಣ, ಕನ್ನಡಕ ಹಾಕಿಕೊಂಡೇ ನೋಡಿದ್ದೇನೆ ಎಂದರು. ಜೆಸಿಬಿಯವನಿಗೆ ಆ ಮರ ಒಂದನ್ನು ಬಿಡಲು ಹೇಳಬಹುದಾ ಎಂದು ಕೇಳಿದರು. ತಮ್ಮನನ್ನು ಕೇಳಿ ಎಂದೆ.